ಬಾಗಿಲಿನ ಸರ್ವರು ಮತ್ತು ಸೋಣ ತಿಂಗಳ ಹೂವಿನ ಪೂಜೆ

ಪ್ರತಿದಿನ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ನಾನು ಕೇಳುವುದು ಕಡಿಮೆ, ವರದಿ ಒಪ್ಪಿಸುವುದೇ ಹೆಚ್ಚು. ಆ ದಿನ ನನ್ನ ಪಾಲಿಗೆ ಸರಿಯಾಗಿ ನಡೆದ ಮೂರು ಸಂಗತಿಗಳನ್ನು ಹೇಳಿ ಕೈಮುಗಿಯುತ್ತೇನೆ. ದೊಡ್ಡ ಸಂಗತಿಗಳೇನೂ ಅಲ್ಲ. ಗ್ಯಾಸ್ ಮುಗಿದದ್ದು ಗಂಜಿ ಬೆಂದ ಮೇಲೆ. ಮಳೆ ಬಂದದ್ದು ಬಟ್ಟೆ ಒಳಗೆ ತಂದ ಮೇಲೆ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ಆದರೆ ನಿಂತಲ್ಲಿಗೆ ಕಿಟಕಿಯ ಗಾಳಿ ಬರುತ್ತಿತ್ತು. ಇಷ್ಟು ಸಣ್ಣದಕ್ಕೆಲ್ಲ ದೇವರನ್ನು ನಿಲ್ಲಿಸಿ ಮಾತಾಡಿಸುವುದು ಸರಿಯೇ ಎಂದು ಕೆಲವೊಮ್ಮೆ ಸಂಕೋಚವಾಗುತ್ತದೆ. ಆದರೆ ದೊಡ್ಡ ಸಂಗತಿಗಳು ನಡೆಯುವವರೆಗೆ ಕಾದರೆ ನನ್ನಂಥವಳು ವರ್ಷಕ್ಕೊಮ್ಮೆಯೂ ಕೈಮುಗಿಯುವಂತಿಲ್ಲ. ಈ ಸಲ ಸೋಣ ತಿಂಗಳು ಶುರುವಾಗುವ ಮೊದಲು ಒಂದು ಸಂಜೆ ನಾನು ಹೇಳಿದ್ದರಲ್ಲಿ ಒಂದು, "ಒಳಗಿನ ಸರ್ವರಿಗೆ ಕಿವಿ ಬಂತು" ಎಂಬುದು. ದೇವರಿಗೆ ಅರ್ಥವಾಗಿರಬಹುದು. ನಿಮಗೆ ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮವರು ನಿವೃತ್ತರಾದ ಮೇಲೆ ನಮ್ಮ ದೇವಸ್ಥಾನದ ಕಮಿಟಿಯ ಕಾರ್ಯದರ್ಶಿ ಆದರು. ನಮ್ಮ ಕಡೆಯ ಆಟಿ ತಿಂಗಳ ಜಡಿಮಳೆ ಇಳಿದು ಆಗಸ್ಟ್ ನಡುವಿನಲ್ಲಿ ಸೋಣ ಬಂತೆಂದರೆ ಅಲ್ಲಿ ದಿನವೂ ಹೂವಿನ ಪೂಜೆ. ದಿನಕ್ಕೆ ಇಂತಿಷ್ಟೇ ಎಂಬ ನಿಯಮ ಇರುವುದರಿಂದ ಮೊದಲೇ ಹೆಸರು ಬರೆಸಬೇಕು. ಎಲ್ಲರ ಆಸೆಯೂ ಶುಕ್ರವಾರದ ಮೇಲೆ. ಹೆಸರು ಬರೆಸುವ ದಿನ ದೇವಸ್ಥಾನದ ಕಚೇರಿಯ ಕಿಟಕಿಯಿಂದ ಹೊರಟ ಸಾಲು ರಸ್ತೆಯವರೆಗೆ ಬಂದಿರುತ್ತದೆ. ಕಳೆದ ವರ್ಷ ನನ್ನ ತವರಿನ ನೆರೆಮನೆಯವಳಾದ ಗಿರಿಜಕ್ಕ, ಈಗ ತೊಕ್ಕೊಟ್ಟಿನಲ್ಲಿ ಮಗಳ ಮನೆಯಲ್ಲಿರುವವಳು, ಎರಡು ಬಸ್ಸು ಬದಲಿಸಿ ಬಂದು ಆ ನೋವಿನ ಮಂಡಿಗಳ ಮೇಲೆ ಎರಡು ಗಂಟೆ ನಿಂತಳು. ಅವಳ ಸರದಿ ಬರುವಾಗ ಶುಕ್ರವಾರಗಳು ಮುಗಿದಿದ್ದವು. ಅವಳ ಎದುರು ನಿಂತಿದ್ದ ಮಹಾನುಭಾವರೊಬ್ಬರು ಮನೆಯ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಶುಕ್ರವಾರ ಹಿಡಿದಿದ್ದರಂತೆ. ಕೊನೆಯದು ಇನ್ನೂ ನಾಮಕರಣವಾಗದ ಮಗುವಿನ ಹೆಸರಿನಲ್ಲಿ. ಗಿರಿಜಕ್ಕ ಅದನ್ನು ನಗುತ್ತಲೇ ಹೇಳಿದಳು. ಆದರೆ ನಮ್ಮ ಸಿಟೌಟಿನಲ್ಲಿ ಕುಳಿತು ಮಂಡಿ ಒತ್ತಿಕೊಳ್ಳುತ್ತ ಹೇಳಿದ್ದರಿಂದ ನನಗೆ ನಗು ಬರಲಿಲ್ಲ.

ಈ ವರ್ಷ ಊಟಕ್ಕೆ ಕುಳಿತಾಗ ನಾನೇ ಮಾತು ತೆಗೆದೆ. "ನೋಡಿ, ನಮ್ಮ ಅಕ್ಷತಾನ ಹತ್ತಿರ ಹೇಳಿದರೆ ಅವಳು ಕಂಪ್ಯೂಟರಿನಲ್ಲೇ ಹೆಸರು ಬರೆಸುವ ಹಾಗೆ ಮಾಡಿ ಕೊಡ್ತಾಳೆ. ಜನ ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಒತ್ತಿದರೆ ಆಯ್ತು." ಅಕ್ಷತಾ ನನ್ನ ಸೊಸೆ. ಮಗ ಬೆಳಿಗ್ಗೆ ಸುರತ್ಕಲ್ ಕಡೆ ಕೆಲಸಕ್ಕೆ ಹೋದ ಮೇಲೆ ಬಿಜೈಯ ನಮ್ಮ ಮನೆಯ ಊಟದ ಮೇಜೇ ಅವಳ ಆಫೀಸು. ನಮ್ಮವರು ಸಾರು ಕಲಸುತ್ತ, "ದೇವಸ್ಥಾನ ಎಂತ ಸಿನಿಮಾ ಟಾಕೀಸಾ? ಟಿಕೆಟ್ ಬುಕ್ ಮಾಡ್ಲಿಕ್ಕೆ?" ಎಂದರು. ನಾನು ಬಿಡಲಿಲ್ಲ. ಎರಡು ವಾರ ದಿನಕ್ಕೊಂದು ಸಲ ಹೇಳಿದೆ. ಕೊನೆಗೆ ಅವರು, "ಆಗಲಿ. ಆದರೆ ಎಡವಟ್ಟಾದರೆ ಕಮಿಟಿಯ ಎದುರು ನಾನು ತಲೆ ತಗ್ಗಿಸುವುದಿಲ್ಲ. ನಿನ್ನ ಮಾತು, ನಿನ್ನ ಜವಾಬ್ದಾರಿ" ಎಂದರು. ಹಾಗೆ ನಾನು, ಮೊಬೈಲಿನಲ್ಲಿ ಫೋಟೋ ತೆಗೆದರೆ ಹೆಬ್ಬೆರಳೇ ಬರುವವಳು, ಒಂದು ಸಾಫ್ಟ್‌ವೇರಿಗೆ ಜಾಮೀನು ನಿಂತೆ.

ಅಕ್ಷತಾ ಮಾಡಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಪೂಜೆಯ ದಿನಗಳನ್ನು ನೋಡಿ, ಖಾಲಿ ಉಂಟೋ ಇಲ್ಲವೋ ತಿಳಿದು, ಹೆಸರು ಬರೆದುಕೊಳ್ಳುವ ನಿಜವಾದ ಕೆಲಸ ಮಾಡುವುದು ಒಂದು ಜಾವಾ ಸರ್ವರು. ಅದಕ್ಕೆ ಯಾರೋ ಗಂಡು ಬೆಕ್ಕಿನ ಹೆಸರಿಟ್ಟಿದ್ದಾರಂತೆ. ಮೊದಲು ಅದೊಂದೇ ಇತ್ತು, ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಅದನ್ನು ತೆರೆಯಬೇಕಾದರೆ ದೇವಸ್ಥಾನದ ಹೆಸರು ಬರೆದು ಅದರ ಹಿಂದೆ ಎಂಟು ಸಾವಿರದ ಎಂಬತ್ತು ಎಂದು ಒಂದು ಬಾಲ ಸೇರಿಸಬೇಕಿತ್ತು. ಕಮಿಟಿಯ ಅಧ್ಯಕ್ಷರು ನೋಡಿ, "ದೇವರ ಹೆಸರಿಗೆ ಇದೆಂತ ಲಾರಿಯ ಹಾಗೆ ನಂಬರ್?" ಎಂದರು. ಇನ್ನೊಬ್ಬರು, "ಬ್ಯಾಂಕಿನದ್ದರಲ್ಲಿ ಮೇಲೆ ಬೀಗದ ಚಿತ್ರ ಬರ್ತದೆ, ನಮ್ಮದರಲ್ಲಿ ಬರುವುದಿಲ್ಲ" ಎಂದರು. ನಂಬರು ತೆಗೆಯಲು, ಬೀಗ ತರಿಸಲು ಅಕ್ಷತಾ ಅದರ ಎದುರು ಇನ್ನೊಂದು ಸರ್ವರು ಕೂರಿಸಿದಳು. ಅದಕ್ಕೆ ವೆಬ್ ಸರ್ವರು ಎನ್ನುತ್ತಾರೆ. "ಅತ್ತೆ, ಹೊರಗಿನವರು ಮಾತಾಡುವುದೆಲ್ಲ ಎದುರಿನದರ ಹತ್ತಿರ. ಅದು ಕೇಳಿಕೊಂಡು ಒಳಗೆ ಹೋಗಿ ಹೇಳ್ತದೆ. ಒಳಗಿನದು ಕೊಟ್ಟ ಉತ್ತರವನ್ನು ತಂದು ಹೊರಗೆ ಹೇಳ್ತದೆ. ಒಳಗಿನದು ಬಾಗಿಲಿಗೆ ಬರುವುದೇ ಇಲ್ಲ," ಎಂದು ವಿವರಿಸಿದಳು. ನಾನು ಕಾಯಿ ತುರಿಯುತ್ತಿದ್ದವಳು ಕೈ ನಿಲ್ಲಿಸಿ, "ನಾನು ಈ ಮನೆಗೆ ಸೊಸೆಯಾಗಿ ಬಂದು ಮೂವತ್ತೆರಡು ವರ್ಷ ಆಯ್ತು. ಮೊದಲೇ ಕೇಳಿದ್ದರೆ ಇದನ್ನು ನಾನೇ ಹೇಳಿಕೊಡ್ತಿದ್ದೆ" ಎಂದೆ.

ತಮಾಷೆಯ ಮಾತಲ್ಲ. ನಮ್ಮ ಮನೆಯಲ್ಲಿ ಯಾರೂ ನಮ್ಮವರ ಹತ್ತಿರ ನೇರವಾಗಿ ಏನನ್ನೂ ಕೇಳುವುದಿಲ್ಲ. ಕೋಪವಿಲ್ಲ, ಭಯವೂ ಇಲ್ಲ; ನಡೆದು ಬಂದ ಕ್ರಮ. ಅವರು ಒಳಕೋಣೆಯ ಆರಾಮ ಕುರ್ಚಿಯಲ್ಲಿ ಪೇಪರ್ ಹಿಡಿದಿರುತ್ತಾರೆ. ನಮ್ಮ ಮಾಮಿ, ಅಂದರೆ ನನ್ನ ಅತ್ತೆ, ಎಂಬತ್ತನಾಲ್ಕು ವರ್ಷದವರು, ಪಕ್ಕದ ಕೋಣೆಯಲ್ಲೇ ಇದ್ದರೂ ಮಗನಿಗೆ ಹೇಳಬೇಕಾದ್ದನ್ನು ಅಡುಗೆಮನೆಗೆ ಬಂದು ನನಗೆ ಹೇಳುತ್ತಾರೆ. "ವಸಂತಿ, ನನ್ನ ಕೋಣೆಯ ಫ್ಯಾನು ಶಬ್ದ ಮಾಡ್ತದೆ. ಅವನಿಗೆ ಒಂದು ಮಾತು ಹೇಳು." ಮಗನಿಗೆ ರಜೆಯಲ್ಲಿ ಕಾರು ಬೇಕಾದರೆ ನನಗೆ ಹೇಳುತ್ತಾನೆ. ಪಕ್ಕದ ಮನೆಯವರಿಗೆ ಕಂಪೌಂಡಿನ ಮೇಲೆ ಬಾಗಿದ ಮಾವಿನ ಗೆಲ್ಲು ಕಡಿಸಬೇಕಾದರೆ ನನಗೆ ಹೇಳುತ್ತಾರೆ. ನಾನು ಕೈ ಒರೆಸಿಕೊಂಡು ಒಳಗೆ ಹೋಗಿ ಹೇಳುತ್ತೇನೆ. ದಿನಕ್ಕೆ ಆರು ಸಲ ಹೋಗುವಾಗ ಅವರು ಕನ್ನಡಕ ಇಳಿಸಿ, "ನಿನ್ನದು ಮುಗಿಯುವುದೇ ಇಲ್ಲ ಅಲ್ವಾ ಮಾರಾಯ್ತಿ?" ಎನ್ನುತ್ತಾರೆ. ಫ್ಯಾನು ನನ್ನದು, ಕಾರು ನನ್ನದು, ಗೆಲ್ಲೂ ನನ್ನದೇ. ನೆಂಟರ ಮನೆಗಳಲ್ಲಿ, "ಇವಳಿಗೆ ದಿನಕ್ಕೊಂದು ಆಗಬೇಕು" ಎಂದು ಅವರು ನಗುತ್ತ ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ. ಅವರು ಹಾಗೆ ಹೇಳಿದರೂ ಫ್ಯಾನು ರಿಪೇರಿ ಮಾಡಿಸಿದ್ದರು, ಅದನ್ನು ಆ ದಿನದ ಮೂರರಲ್ಲಿ ಸೇರಿಸಿಕೊಂಡೆ.

ಇಲ್ಲಿ ಇನ್ನೊಂದು ಮಾತನ್ನೂ ಒಪ್ಪಿಕೊಳ್ಳುತ್ತೇನೆ, ಮುಂದೆ ಬೇಕಾಗುತ್ತದೆ. ಬೇರೆಯವರದೆಲ್ಲ ನನ್ನ ತಲೆಗೆ ಬರುತ್ತದೆಂದು ಗೊತ್ತಾದ ಮೇಲೆ, ನಿಜವಾಗಿ ನನಗೇ ಬೇಕಾದ್ದನ್ನು ಬೇರೆಯವರ ತಲೆಗೆ ಕಟ್ಟುವ ಒಂದು ಅಭ್ಯಾಸ ನನಗೆ ಬಂತು. ನನಗೆ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನ ಬಿಸಿ ಗೋಳಿಬಜೆ ಎಂದರೆ ಪ್ರಾಣ. ಮನೆಯಲ್ಲಿ ಎಷ್ಟು ಮಾಡಿದರೂ ಆ ಹದ ಬರುವುದಿಲ್ಲ. ಆದರೆ ಸಂಸಾರಸ್ಥೆ ಹೆಂಗಸು ನನಗೆ ಹೋಟೆಲಿನ ತಿಂಡಿ ತನ್ನಿ ಎಂದು ಹೇಗೆ ಹೇಳುವುದು? ಹಾಗಾಗಿ ತಿಂಗಳಿಗೆರಡು ಸಲ, "ಮಾಮಿಗೆ ಗೋಳಿಬಜೆ ತಿನ್ನಬೇಕಂತೆ" ಎನ್ನುತ್ತೇನೆ. ಅಮ್ಮನ ಹೆಸರು ಕೇಳಿದೊಡನೆ ನಮ್ಮವರು ಚಪ್ಪಲಿ ಹಾಕುತ್ತಾರೆ. ಮಾಮಿಗೆ ಬಾಯಲ್ಲಿ ಒಂದು ಹಲ್ಲೂ ಇಲ್ಲ. ಅವರು ಒಂದನ್ನು ಚಟ್ನಿಯಲ್ಲಿ ನೆನೆಸಿ ಒಳಗಿನ ಮೆತ್ತಗಿನದನ್ನು ಚಪ್ಪರಿಸಿ, ಉಳಿದದ್ದನ್ನು ನನ್ನ ಕಡೆಗೆ ತಳ್ಳಿ ಮೌನವಾಗಿರುತ್ತಾರೆ. ಆ ಮೌನಕ್ಕೂ ನಾನು ದೇವರಿಗೆ ಕೈಮುಗಿದದ್ದುಂಟು.

ಹೆಸರು ಬರೆಸುವ ಸೋಮವಾರ ಬಂತು. ಬೆಳಿಗ್ಗೆ ಏಳು ಗಂಟೆಗೆ ಶುರು ಎಂದು ಎಲ್ಲರಿಗೂ ತಿಳಿಸಿಯಾಗಿತ್ತು. ಹಿಂದಿನ ದಿನ ಅಕ್ಷತಾ ಒತ್ತಿ ನೋಡಿದ್ದಳು, ಮಗ ಒತ್ತಿ ನೋಡಿದ್ದ, ಎಲ್ಲವೂ ಸರಿಯಿತ್ತು. ನಾನು ಲ್ಯಾಪ್‌ಟಾಪಿನ ಮೂಲೆಗೆ ಒಂದು ಚಿಟಿಕೆ ಕುಂಕುಮ ಹಚ್ಚಿದೆ. ಅವಳು ಬೇಡ ಎನ್ನಲಿಲ್ಲ, ಕೀಲಿಗಳ ಮೇಲೆ ಬೀಳದ ಹಾಗೆ ಮಾತ್ರ ನೋಡಿಕೊಂಡಳು. ಏಳು ಗಂಟೆ ಐದು ನಿಮಿಷಕ್ಕೆ ನನ್ನ ಫೋನು ಬಡಿದುಕೊಂಡಿತು. ತೊಕ್ಕೊಟ್ಟಿನಿಂದ ಗಿರಿಜಕ್ಕ.

"ವಸಂತಿ, ನಾನು ಎಂತ ತಪ್ಪು ಮಾಡಿದೆ ಮಾರಾಯ್ತಿ?"

"ಯಾಕೆ ಗಿರಿಜಕ್ಕ?"

"ನಾನು ಒಂದೇ ಸಲ ಒತ್ತಿದ್ದು. 'ನೀವು ಪದೇ ಪದೇ ಕೇಳುತ್ತಿದ್ದೀರಿ, ಒಂದು ಗಂಟೆ ಬಿಟ್ಟು ಬನ್ನಿ' ಅಂತ ಬಂತು. ದೇವರ ಹತ್ತಿರ ನಾನು ಈ ವರ್ಷ ಕೇಳಿದ್ದೇ ಇದೊಂದು."

ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಅದು ನನ್ನ ಎದೆಗೆ ತಾಗಿತು. ಅವಳ ಫೋನು ಇಡುವಷ್ಟರಲ್ಲಿ ಇನ್ನೊಂದು, ಅದರ ಹಿಂದೆ ಮತ್ತೊಂದು. ಎಲ್ಲರಿಗೂ ಅದೇ ಉತ್ತರ. ಮೊದಲ ಹತ್ತು ಜನರಿಗೆ ಸಿಕ್ಕಿದೆ, ಉಳಿದ ಊರಿಗೆಲ್ಲ ದೇವಸ್ಥಾನ ಗದರಿಸಿ ಕಳಿಸಿದೆ. ನಮ್ಮವರು ಒಳಕೋಣೆಯಿಂದ ಹೊರಗೆ ಬಂದರು. ಅವರು ತಾವಾಗಿ ಬಾಗಿಲಿಗೆ ಬಂದರೆಂದರೆ ಸಂಗತಿ ದೊಡ್ಡದೆಂದು ಅರ್ಥ. "ಎಂತ ಮಾರಾಯ್ತಿ ನಿನ್ನ ಕಂಪ್ಯೂಟರಿನ ಕತೆ? ಅಧ್ಯಕ್ಷರ ಹೆಂಡತಿಗೇ ಒಂದು ಗಂಟೆ ಬಿಟ್ಟು ಬನ್ನಿ ಅಂತ ಹೇಳಿದೆಯಂತೆ. ನಾಲ್ಕು ಗಂಟೆಗೆ ಕಮಿಟಿ ಉಂಟು. ಅಷ್ಟರೊಳಗೆ ಸರಿಯಾಗದಿದ್ದರೆ ನಾಳೆ ಬೆಳಿಗ್ಗೆ ಮೊದಲಿನ ಹಾಗೆ ಪುಸ್ತಕ, ಕಿಟಕಿ, ಸಾಲು." ಕಂಪ್ಯೂಟರೂ ನನ್ನದಾಯಿತು.

ಅಕ್ಷತಾಳ ಮುಖ ಸಣ್ಣದಾಗಿತ್ತು. ಮದುವೆಯಾಗಿ ಬಂದು ಒಂದು ವರ್ಷ, ಗಂಡನ ಮನೆಯ ದೇವಸ್ಥಾನಕ್ಕೆ ಮಾಡಿದ ಮೊದಲ ಕೆಲಸ. ಅವಳು ಕಂಪೆನಿಗೆ ಅರ್ಧ ದಿನ ರಜೆ ಹೇಳಿ ಮೇಜಿಗೆ ಅಂಟಿಕೊಂಡಳು. ನಾನು ನೆಲದಲ್ಲಿ ಹೆರೆಮಣೆ ಇಟ್ಟು ಕಾಯಿ ತುರಿಯಲು ಕುಳಿತೆ. ಆ ದಿನ ಅಡುಗೆಗೆ ಅಷ್ಟು ಕಾಯಿ ಬೇಕಿರಲಿಲ್ಲ. ಆದರೆ ಅವಳ ಹತ್ತಿರ ಇರಬೇಕಿತ್ತು, ಸುಮ್ಮನೆ ಕುಳಿತರೆ ಕಾವಲು ಕುಳಿತ ಹಾಗೆ ಕಾಣುತ್ತದೆ. ಮಾಮಿ ಗೋಡೆ ಹಿಡಿದು ಬಂದು, "ಪೂಜೆ ಇಲ್ಲವಂತೆ?" ಎಂದರು. "ಉಂಟು ಅಜ್ಜಿ, ಹುಡುಕ್ತಾ ಇದ್ದೇನೆ" ಎಂದಳು ಅಕ್ಷತಾ. "ಹುಡುಕು. ದೇವರು ಎಲ್ಲಿಗೂ ಹೋಗುವುದಿಲ್ಲ," ಎಂದು ಹೇಳಿ ಮಾಮಿ ಅಲ್ಲೇ ಕುರ್ಚಿ ಎಳೆದು ಕುಳಿತರು.

ಎರಡು ಕಾಯಿ ಮುಗಿದು ಮೂರನೆಯದಕ್ಕೆ ಕೈ ಹಾಕಿದಾಗ ಅವಳು, "ಅತ್ತೆ, ಇಲ್ಲಿ ನೋಡಿ" ಎಂದಳು. ಒಳಗಿನ ಸರ್ವರು ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು ಎಂದು ಬರೆದಿಡುವ ದಿನಚರಿಯಂತೆ ಅದು. ಸಾಲು ಸಾಲಾಗಿ ಬರೆದಿತ್ತು, ಪ್ರತಿ ಸಾಲಿನ ತುದಿಯಲ್ಲಿ ಒಂದೇ ನಂಬರು.

"ಇದು ಯಾವ ಕಡೆಯಿಂದ ಬಂದರು ಅಂತ ತೋರಿಸುವ ನಂಬರ್. ಒಬ್ಬೊಬ್ಬರದು ಒಂದೊಂದು ಇರಬೇಕಿತ್ತು. ಕಳೆದ ವರ್ಷದ ಹಾಗೆ ಒಬ್ಬರೇ ಎಲ್ಲ ಶುಕ್ರವಾರ ಹಿಡಿಯಬಾರದು ಅಂತ, ಒಂದೇ ಕಡೆಯಿಂದ ಒಂದು ಗಂಟೆಯಲ್ಲಿ ಹತ್ತು ಸಲಕ್ಕಿಂತ ಜಾಸ್ತಿ ಬಂದರೆ ತಡೆಯಬೇಕು ಅಂತ ನಾನು ಇಟ್ಟಿದ್ದೆ. ಈಗ ಒಳಗಿನದಕ್ಕೆ ಬಂದವರು ಯಾರೂ ಕಾಣುವುದಿಲ್ಲ ಅತ್ತೆ. ಬಾಗಿಲಿನದ್ದು ಮಾತ್ರ ಕಾಣ್ತದೆ. ಊರಿನವರೆಲ್ಲ ಒಂದೊಂದು ಸಲ ಕೇಳಿದ್ದನ್ನು, ಬಾಗಿಲಿನವಳು ಒಬ್ಬಳೇ ಅಷ್ಟೂ ಸಲ ಕೇಳಿದಳು ಅಂತ ತಿಳ್ಕೊಂಡಿದೆ."

ನನ್ನ ಕೈಯ ಕಾಯಿ ಕೈಯಲ್ಲೇ ಉಳಿಯಿತು. ಮೂವತ್ತೆರಡು ವರ್ಷದಲ್ಲಿ ನನ್ನ ಪರವಾಗಿ ಇಷ್ಟು ಸರಿಯಾಗಿ ಯಾರೂ ಮಾತಾಡಿರಲಿಲ್ಲ. ಕಣ್ಣಲ್ಲಿ ನೀರು ಬಂತು ಎಂದರೆ ನೀವು ನಗಬಹುದು. ನಾನು ಸೆರಗಿನಿಂದ ಒರೆಸಿಕೊಂಡು, ಏನಾದರೂ ಹೇಳಬೇಕಲ್ಲ ಎಂದು ಹೇಳಿದೆ: "ನಮ್ಮ ದೇವಸ್ಥಾನದ ಭಟ್ರನ್ನು ನೋಡು. ಒಳಗೆ ಹೋಗಿ ಕೇಳುವವರು ಅವರೊಬ್ಬರೇ. ಆದರೆ ಪ್ರತಿಯೊಂದು ಪೂಜೆಗೂ ಸಂಕಲ್ಪ ಮಾಡುವಾಗ ಇಂಥ ಹೆಸರು, ಇಂಥ ನಕ್ಷತ್ರ, ಇಂಥ ರಾಶಿ ಅಂತ ಹೇಳಿಯೇ ಮುಂದೆ ಹೋಗುವುದು. ಇಲ್ಲದಿದ್ದರೆ ದೇವರು ಎಂತ ಎಣಿಸಿಯಾರು? ಈ ಭಟ್ರಿಗೆ ಒಂದೇ ದಿನದಲ್ಲಿ ಮೂವತ್ತು ಸಲ ಮದುವೆಯಾಗಬೇಕು, ಇಪ್ಪತ್ತು ಸಲ ಕೆಲಸ ಸಿಗಬೇಕು, ಹದಿನೈದು ಮಂಡಿನೋವು ಗುಣ ಆಗಬೇಕು ಅಂತ ಅಲ್ವಾ? ನಿನ್ನ ಬಾಗಿಲಿನವಳು ಹೆಸರು ಹೇಳುವುದಿಲ್ಲವಾ?"

ಅಕ್ಷತಾ, "ಹೇಳ್ತದೆ ಅತ್ತೆ. ಪ್ರತಿಯೊಂದರ ಜೊತೆಗೂ ಇವರು ಇಂಥ ಕಡೆಯವರು ಅಂತ ಚೀಟಿ ಅಂಟಿಸಿಯೇ ಕಳಿಸುವ ಹಾಗೆ ಬರೆದಿದ್ದೇನೆ" ಎಂದವಳು ಅರ್ಧದಲ್ಲೇ ನಿಲ್ಲಿಸಿದಳು. ಆಮೇಲೆ ತಲೆಗೆ ಕೈ ಇಟ್ಟುಕೊಂಡಳು. "ಭಟ್ರು ಹೇಳ್ತಾ ಇದ್ದಾರೆ ಅತ್ತೆ. ಒಳಗೆ ಕೇಳಿಸಿಕೊಳ್ತಾ ಇಲ್ಲ. ಚೀಟಿ ಓದು ಅಂತ ಒಳಗಿನದಕ್ಕೂ ಒಂದು ಸಾಲು ಬರೆಯಬೇಕು. ಎದುರಿನದಕ್ಕೆ ಹೇಳಿದೆ, ಒಳಗಿನದಕ್ಕೆ ಹೇಳುವುದು ಬಿಟ್ಟುಹೋಯ್ತು."

"ಒಂದು ಸಾಲು ಬರೆದರೆ ಸಾಕಾ? ಒಳಗಿನದು ಕೇಳಲಿಕ್ಕೆ ಶುರು ಮಾಡ್ತದಾ?"

"ಸಾಕು ಅತ್ತೆ."

ನಾನು ಒಳಕೋಣೆಯ ಕಡೆ ನೋಡಿದೆ. ಪೇಪರಿನ ಮೇಲ್ಭಾಗದಲ್ಲಿ ನಮ್ಮವರ ಹಣೆ ಮಾತ್ರ ಕಾಣುತ್ತಿತ್ತು. ಅಲ್ಲಿಯೂ ಎಲ್ಲಾದರೂ ಒಂದು ಸಾಲು ಬರೆಯಲು ಜಾಗವಿದ್ದಿದ್ದರೆ ಎಂದುಕೊಂಡೆ. ಮಾಮಿಯೂ ಅತ್ತಲೇ ನೋಡಿದರು.

ಅವಳು ಆ ಸಾಲು ಬರೆಯುತ್ತಿರುವಾಗ ಇನ್ನೊಂದು ಮಾತು ಹೇಳಿದಳು. ಚೀಟಿಯನ್ನು ಬಾಗಿಲಿನ ಸರ್ವರು ತಂದುಕೊಟ್ಟರೆ ಮಾತ್ರ ನಂಬು ಎಂದೂ ಅದರಲ್ಲಿ ಬರೆಯಬೇಕಂತೆ. ಯಾಕೆಂದರೆ ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಬೇರೆಯವರ ಹೆಸರಿನ ಚೀಟಿ ಹಿಡಿದುಕೊಂಡು ಬರಬಹುದು. ನಾನು ತುರಿದ ಕಾಯಿಯನ್ನು ಬಟ್ಟಲಿಗೆ ತುಂಬುತ್ತ, ಆದಷ್ಟು ಸಹಜವಾದ ಸ್ವರದಲ್ಲಿ ಕೇಳಿದೆ: "ಬಾಗಿಲಿನವಳೇ ಬೇರೆಯವರ ಹೆಸರಿನಲ್ಲಿ ತನಗೆ ಬೇಕಾದ್ದನ್ನು ಕೇಳಿದರೆ?"

ಅಕ್ಷತಾ ತಲೆ ಎತ್ತದೆಯೇ, "ಹಾಗಾದರೆ ಎಂತ ಮಾಡ್ಲಿಕ್ಕೂ ಆಗುವುದಿಲ್ಲ ಅತ್ತೆ. ಒಳಗಿನದು ಕಣ್ಣುಮುಚ್ಚಿ ನಂಬುವುದು ಅವಳೊಬ್ಬಳನ್ನೇ" ಎಂದಳು.

ಮಾಮಿಗೆ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದರು. ನಾನು ನೀರು ತರಲು ಎದ್ದುಹೋದೆ.

ಒಳಗಿನ ಸರ್ವರನ್ನು ಒಮ್ಮೆ ನಿಲ್ಲಿಸಿ ಮತ್ತೆ ಎಬ್ಬಿಸಬೇಕಿತ್ತು. ಒಲೆಯ ಮೇಲಿಟ್ಟ ಹಾಲು ಉಕ್ಕಿ ಬರುವಷ್ಟು ಹೊತ್ತು ಹಿಡಿಯಿತು. ನಾನು ಅಷ್ಟು ಹೊತ್ತು ದೇವಿಯ ನಾಮ ಹೇಳುತ್ತ ಹಾಲನ್ನೇ ನೋಡುತ್ತಿದ್ದೆ. ಹಾಲು, ಸರ್ವರು ಎರಡೂ ಉಕ್ಕಿ ಚೆಲ್ಲಲಿಲ್ಲ. ಮೊದಲ ಫೋನು ಗಿರಿಜಕ್ಕನಿಗೆ ಮಾಡಿದೆ. "ಈಗ ಒತ್ತು ಗಿರಿಜಕ್ಕ." "ಬೈಯುವುದಿಲ್ಲ ಅಲ್ವಾ?" "ಇಲ್ಲ, ಒತ್ತು." ಆಚೆ ಅವಳು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿ ಒತ್ತುವುದು ಕೇಳಿತು. ಆಮೇಲೆ, "ವಸಂತಿ, ಶುಕ್ರವಾರ ಸಿಕ್ಕಿತು. ನನ್ನ ಹೆಸರು, ನಕ್ಷತ್ರ ಎಲ್ಲ ಬಂತು. ನಾನು ಮಂಚದಲ್ಲೇ ಕುಳಿತಿದ್ದೇನೆ ಮಾರಾಯ್ತಿ!" ಎಂದಳು. ಅಕ್ಷತಾ ದಿನಚರಿಯನ್ನು ತೋರಿಸಿದಳು. ಈಗ ಪ್ರತಿ ಸಾಲಿನ ತುದಿಯಲ್ಲಿ ಬೇರೆ ಬೇರೆ ನಂಬರು. ಎಷ್ಟೊಂದು ಜನ, ಒಬ್ಬೊಬ್ಬರೂ ಅವರವರಾಗಿಯೇ ಬಂದು ನಿಂತಿದ್ದರು. ನೋಡಲು ಚಂದ ಇತ್ತು.

ನಾಲ್ಕು ಗಂಟೆಯ ಕಮಿಟಿಗೆ ಹೋದ ನಮ್ಮವರು ಐದೂವರೆಗೆ ಬಂದರು. ಚಪ್ಪಲಿ ಬಿಡುತ್ತ, "ಅಕ್ಷತಾನ ಬಗ್ಗೆ ಅಧ್ಯಕ್ಷರು ಒಳ್ಳೆಯ ಮಾತು ಹೇಳಿದರು. ನವರಾತ್ರಿಗೂ ಅವಳೇ ಮಾಡಿಕೊಡಬೇಕಂತೆ" ಎಂದರು. ಅವರು ಅದನ್ನು ನೇರವಾಗಿ ಅವಳ ಎದುರೇ ನಿಂತು ಹೇಳಿದರು, ನನ್ನ ಮೂಲಕ ಕಳಿಸಲಿಲ್ಲ. ಅವಳ ಮುಖ ಅರಳಿದ್ದನ್ನು ನೋಡಿ ಆ ದಿನದ ಮೂರು ಅಲ್ಲಿಗೇ ಭರ್ತಿಯಾಯಿತು ಎಂದುಕೊಂಡೆ. ಆದರೂ ಬೆಳಿಗ್ಗೆ ಕಲಿತ ಪಾಠ ತಲೆಯಲ್ಲಿತ್ತು. ಚಹಾ ಕೊಡುವಾಗ ಸಂಕಲ್ಪದ ಕ್ರಮದಲ್ಲೇ ಹೇಳಲು ಶುರು ಮಾಡಿದೆ. "ನೋಡಿ, ಮಾಮಿಯ ಕನ್ನಡಕದ ಕಾಲು ಸಡಿಲ ಆಗಿದೆ, ಇದು ಮಾಮಿಯ ಮಾತು. ಭಾನುವಾರ ಕಾರು ಬೇಕಂತೆ, ಇದು ನಿಮ್ಮ ಮಗನ ಮಾತು. ನೀರಿನ ಪೈಪು ಸೋರ್ತದೆ, ಇದು ಪಕ್ಕದ ಮನೆಯವರದ್ದು."

ಅವರು ಕನ್ನಡಕ ಇಳಿಸಿ ನನ್ನನ್ನು ನೋಡಿದರು. "ಇವತ್ತು ಎಂತ, ಊರಿನವರ ಹೆಸರೆಲ್ಲ ಹೇಳ್ತಿ? ಆಯ್ತು. ನಿನ್ನದು ಎಂತ?"

ಮೂವತ್ತೆರಡು ವರ್ಷದಲ್ಲಿ ಹೀಗೆ ಕೇಳಿದ್ದು ಇದೇ ಮೊದಲು. ದೇವಸ್ಥಾನದಲ್ಲಿಯೂ ಭಟ್ರು ಕೇಳಿದಾಗ ನಾನು ಮನೆಯವರೆಲ್ಲರ ಹೆಸರು, ನಕ್ಷತ್ರ ಹೇಳಿ, "ನಿಮ್ಮದು?" ಎಂದರೆ, "ನನ್ನದು ಎಂತ, ಅದರಲ್ಲೇ ಬಂತಲ್ಲ" ಎಂದು ಮುಗಿಸುವವಳು. ಈಗಲೂ ಬಾಯಿ ತೆರೆದೆ, ನನ್ನ ಹೆಸರಿನಲ್ಲಿ ಹೇಳಬೇಕೆಂದೇ ತೆರೆದೆ. ಬಂದದ್ದು ಅಭ್ಯಾಸದ ಮಾತು.

"ಮಾಮಿಗೆ ಗೋಳಿಬಜೆ ತಿನ್ನಬೇಕಂತೆ."

ನಮ್ಮವರು ಚಹಾ ಕುಡಿದು ಲೋಟ ಕೆಳಗಿಟ್ಟರು. ಎದ್ದು ಚಪ್ಪಲಿ ಹಾಕುತ್ತ, "ಅಮ್ಮನ ಹಲ್ಲು ಬಿದ್ದು ಹತ್ತು ವರ್ಷ ಆಯ್ತು" ಎಂದರು. "ಎಷ್ಟು ತರುವುದು? ನಿನಗೆ ಐದು ಸಾಕಾ, ಆರು ಬೇಕಾ?"

ಒಳಗಿನಿಂದ ಮಾಮಿ, "ಆರು ತರಲಿ" ಎಂದರು.

ಅಂದು ದೀಪದ ಎದುರು ನಿಂತಾಗ ಮೂರರ ಬದಲು ನಾಲ್ಕು ಹೇಳಿದೆ. ನಾಲ್ಕನೆಯದು ಹೇಳುವಾಗ ಬಾಯಲ್ಲಿ ಇನ್ನೂ ಚಟ್ನಿಯ ರುಚಿ ಇತ್ತು, ದೇವರು ಕ್ಷಮಿಸಲಿ. ಆದರೆ ಆಮೇಲೆ ಒಂದು ಯೋಚನೆ ಹತ್ತಿಕೊಂಡಿದೆ. ಗೋಳಿಬಜೆ ಯಾರದೆಂದು ಅವರಿಗೆ ಹತ್ತು ವರ್ಷದಿಂದ ಗೊತ್ತಿದ್ದರೆ, ಫ್ಯಾನು ಯಾರದು, ಕಾರು ಯಾರದು, ಮಾವಿನ ಗೆಲ್ಲು ಯಾರದು ಎಂಬುದೂ ಗೊತ್ತಿದ್ದಿರಲೇಬೇಕು. ಹಾಗಿದ್ದ ಮೇಲೆ ಇಷ್ಟು ವರ್ಷ "ನಿನ್ನದು ಮುಗಿಯುವುದೇ ಇಲ್ಲ" ಎಂದು ಯಾಕೆ ಹೇಳುತ್ತಿದ್ದರು? ಇದನ್ನೊಮ್ಮೆ ಅವರ ಹತ್ತಿರ ಕೇಳಿಯೇಬಿಡಬೇಕೆಂದಿದ್ದೇನೆ. ಯಾರ ಹೆಸರಿನಲ್ಲಿ ಕೇಳುವುದೆಂದು ಮಾತ್ರ ಇನ್ನೂ ನಿಶ್ಚಯವಾಗಿಲ್ಲ.